ಚರ್ಚಿನಲ್ಲಿ ಅಮ್ಮನ ಹಣ್ಣುಕಾಯಿ

ಇವತ್ತು ಬೆಳಿಗ್ಗೆ ತೆಂಗಿನಕಾಯಿ ಒಡೆದೆ. ಕಾಯಿನೀರಿನ ವಾಸನೆಗೆ ಮುಂಬೈ ಪಕ್ಕದ ಡೊಂಬಿವಲಿಯ ಆ ಪುಟ್ಟ ಲೂಥರನ್ ಚರ್ಚು ಕಣ್ಣೆದುರು ಬಂತು.

ನಮ್ಮದು ಉಡುಪಿ ಹೋಟೆಲಿನವರ ಮನೆ. ಚಿಕ್ಕಂದಿನಲ್ಲಿ ನನಗೆ ಟೈಫಾಯ್ಡ್ ಆದಾಗ ಪಕ್ಕದ ಮನೆಯ ಲಿಲ್ಲಿ ಆಂಟಿ ತಮ್ಮ ಚರ್ಚಿನಲ್ಲಿ ಪ್ರಾರ್ಥನೆ ಮಾಡಿಸಿದ್ದರು. ಗುಣವಾದ ಮೇಲೆ ಅಮ್ಮ ಹರಿವಾಣದಲ್ಲಿ ಹಣ್ಣುಕಾಯಿ ಇಟ್ಟುಕೊಂಡು ನನ್ನನ್ನೂ ಅಲ್ಲಿಗೆ ಕರೆದೊಯ್ದಳು. ಪಾಸ್ಟರ್ ಅದನ್ನು ತೆಗೆದುಕೊಂಡು ಮುಂದಿನ ಮೇಜಿನ ಮೇಲಿಟ್ಟರು.

ಆರಾಧನೆ ಮುಗಿದು ಜನ ಎದ್ದರೂ ಅಮ್ಮ ಏಳಲಿಲ್ಲ. ದೇವಸ್ಥಾನದ ಹಾಗೆ ಕಾಯಿ ಒಡೆದು ಅರ್ಧ ವಾಪಸ್ ಕೊಡುತ್ತಾರೆಂದು ಕಾಯುತ್ತಿದ್ದಳು. ವಿಷಯ ತಿಳಿದ ಕೆಲವರು ಮುಸಿಮುಸಿ ನಕ್ಕರು. ಅಮ್ಮನ ಮುಖ ಸಣ್ಣದಾಯಿತು.

ಲಿಲ್ಲಿ ಆಂಟಿ ಪಕ್ಕದಲ್ಲಿ ಬಂದು ಕೂತರು. "ಅಕ್ಕಾ, ನಮ್ಮಲ್ಲಿ ದೇವರ ಕೃಪೆಗೆ ಬದಲು ಕೊಡ್ಲಿಕ್ಕಿಲ್ಲ. ಅದು ಪುಕ್ಕಟೆ."

"ಪುಕ್ಕಟೆ ಹೇಗೆ ತಗೊಳ್ಳುದು ಮಾರಾಯ್ತಿ?" ಎಂದಳು ಅಮ್ಮ.

ಪಾಸ್ಟರ್ ಬಿಳಿ ನಿಲುವಂಗಿಯಲ್ಲೇ ಹೊರಗೆ ಹೋಗಿ ಮೆಟ್ಟಿಲಿಗೆ ಕಾಯಿ ಒಡೆದರು. ನಕ್ಕವರಿಗೂ ಒಂದೊಂದು ಚೂರು ಸಿಕ್ಕಿತು. ಅಮ್ಮ ತನ್ನ ಪಾಲನ್ನು ಕಣ್ಣಿಗೊತ್ತಿಕೊಂಡು ತಿಂದಳು.

ಇವತ್ತು ಅರ್ಧ ಕಾಯಿಯನ್ನು ಚಟ್ನಿಗಿಟ್ಟೆ. ಉಳಿದರ್ಧ ಹಿಡಿದು ಎದುರು ಫ್ಲಾಟಿನ ಬೆಲ್ ಒತ್ತಿದೆ. ಅವರು ಬಂದು ವರ್ಷವಾಯಿತು, ಹೆಸರು ಕೇಳಿರಲಿಲ್ಲ.