ನಕ್ಷತ್ರ ಸರಿ ಇಲ್ಲದ ಮನೆ

"ಭಾವ, ಅಕ್ಕ ಹೋದ ನಕ್ಷತ್ರ ಸರಿ ಇಲ್ಲ. ಆರು ತಿಂಗಳು ಮನೆಗೆ ಬೀಗ ಹಾಕ್ಬಿಡಿ. ಇಲ್ದಿದ್ರೆ ಇಲ್ಲಿ ಇನ್ನೊಂದು ಸಾವಾಗತ್ತೆ." ಚಾಮರಾಜಪೇಟೆಯ ನಮ್ಮ ಮನೆಯಲ್ಲಿ, ನನ್ನ ಹೆಂಡತಿಯ ವೈಕುಂಠ ಸಮಾರಾಧನೆಯ ಊಟ ಮುಗಿಸಿ, ಅವಳ ತಮ್ಮ ಮತ್ತೆ ಅದೇ ಮಾತು ತೆಗೆದ.

ನನಗೆ ರೇಗಿಹೋಯಿತು. "ನಿಮ್ಮಕ್ಕ ಬಾಳಿದ ಮನೆ ಕಣೋ ಇದು. ಇಲ್ಲೆಂಥ ಕೆಡುಕು?"

"ಅಕ್ಕನ್ನ ಯಾರು ಅಂದ್ರು ಭಾವ? ನಾನು ಹೇಳ್ತಿರೋದು ನಕ್ಷತ್ರಾನ."

ಪಂಚಾಂಗ ನೋಡದೆ ಹೊಸಿಲು ದಾಟದ ನಮ್ಮತ್ತೆ ಆಗ ಬಾಯಿಬಿಟ್ಟರು. "ಸಾವಾಗೋದಾದ್ರೆ ನಂದೇ ಆಗ್ಲಿ ಬಿಡೋ. ಅಳಿಯಂದಿರ ಜೊತೆ ನಾನು ಇಲ್ಲೇ ಇರ್ತೀನಿ."

ಬೀಗ ಹಾಕಲಿಲ್ಲ. ನಕ್ಷತ್ರವನ್ನು ನಂಬದ ನಾನು ಈಗ ದಿನವೂ ಎದ್ದ ಕೂಡಲೇ ಅತ್ತೆ ಉಸಿರಾಡುತ್ತಿದ್ದಾರಾ ಎಂದು ನೋಡುತ್ತೇನೆ. ಆಮೇಲೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.