ಗುಂಡಿನ ಆಟದಲ್ಲಿ ಸಾಯಬಮ್ಮ ಇಟ್ಟ ಎಡೆ

ಫೋನಿನ ಆಟದೊಳಗೆ ಮೊದಲ ಸಲ ಇಳಿದಾಗ ಸಾಯಬಮ್ಮ ಮೈದುನನನ್ನು ಕೇಳಿದ್ದು ಇಷ್ಟೇ.

"ನಾ ಎಲ್ಲಿ ಅದೀನೋ ಹಣಮಂತ್ರಾಯ?"

"ನೀ ಕಾಣಂಗಿಲ್ಲ ವೈನಿ. ಬಂದೂಕ ಹಿಡ್ದ ಎರಡು ಕೈ ಕಾಣ್ತಾವಲ್ಲ? ಅವು ನಿನ್ನವು."

"ನನ್ನ ಕೈಯಾಗ ಬಳಿ ಎಲ್ಲಿ ಅದಾವು?"

ಅಂದವಳು ತನ್ನ ಕೈ ನೋಡಿಕೊಂಡಳು. ಅಲ್ಲೂ ಇರಲಿಲ್ಲ.

ಫೋನು ಅವಳ ಗಂಡ ವೆಂಕಪ್ಪನದು. ಬೋನಾಳದ ಹತ್ತಿರ ಕಾಲುವೆಯ ಗೇಟು ಏರಿಸುವುದು, ಇಳಿಸುವುದು ಅವನ ಕೆಲಸ. ನೀರು ಬಿಟ್ಟ ಮೇಲೆ ಅವನಿಗೆ ಬೇರೆ ಕೆಲಸವಿಲ್ಲ. ಕಾಲುವೆಯ ಸೇತುವೆ ಮೇಲೆ ಕೂತು ನಾಲ್ವರು ಗುಂಡಿನ ಆಟ ಆಡುವರು: ಅವನು, ತಮ್ಮ ಹಣಮಂತ್ರಾಯ, ಪಂಕ್ಚರ್ ಅಂಗಡಿಯ ರಾಜಾಸಾಬ, ಟ್ರ್ಯಾಕ್ಟರ್ ಹೊಡೆಯುವ ಅಂಬ್ರಪ್ಪ. ಅಂಬ್ರಪ್ಪನೇ ಮುಖಂಡ. ಆಟದಲ್ಲಿ ವಿಮಾನವೊಂದು ಎಲ್ಲರನ್ನೂ ಒಯ್ದು ಒಂದು ದ್ವೀಪದ ಮೇಲೆ ಒಗೆಯುತ್ತದೆ. ಖಾಲಿ ಮನೆಗಳಲ್ಲಿ ಬಂದೂಕು ಹುಡುಕಬೇಕು. ಕಂಡವರನ್ನು ಹೊಡೆಯಬೇಕು. ಕೊನೆಗೆ ಉಳಿದವರು ಗೆದ್ದಂತೆ. ವೆಂಕಪ್ಪ ಅದರಲ್ಲಿ ಎಷ್ಟು ಮುಳುಗುತ್ತಿದ್ದನೆಂದರೆ ಬುತ್ತಿಯ ರೊಟ್ಟಿ ಹಪ್ಪಳವಾಗಿ ಮನೆಗೆ ವಾಪಸ್ ಬರುತ್ತಿತ್ತು. ಸಾಯಬಮ್ಮ ಬೈಯುವಳು. ಅವನು ಹೂಂಗುಡುವನು, ಪರದೆಯಿಂದ ಕಣ್ಣು ಕೀಳುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅದೇ ಸೇತುವೆಯ ಮೇಲೆ ಎದೆ ಹಿಡಿದುಕೊಂಡ. ಸುರಪುರದ ಆಸ್ಪತ್ರೆ ಮುಟ್ಟಲಿಲ್ಲ.

ಕಾರ್ಯ ಎಲ್ಲ ಮುಗಿದ ಮೇಲೆ ಅಂಬ್ರಪ್ಪ ಮನೆಗೆ ಬಂದ. ಶಹಾಪುರದಲ್ಲಿ ಒಂದು ಮೊಬೈಲ್ ಅಂಗಡಿಯವರು ಪಂದ್ಯ ಇಟ್ಟಿದ್ದರು. ನಾಲ್ವರ ಹೆಸರು ಮೊದಲೇ ಕೊಟ್ಟಾಗಿತ್ತು.

"ವೆಂಕಪ್ಪನ ಹೆಸರು ತಗಸ್ತೀನಿ ಯವ್ವಾ. ನನ್ನ ಭಾವಮೈದುನ ಶಿರವಾಳದಾಗ ಅದಾನ, ಛಲೋ ಆಡ್ತಾನ."

ಸಾಯಬಮ್ಮ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಹೆಸರು ತೆಗಿಬ್ಯಾಡ್ರಿ. ಆ ಫೋನ್ ನಾ ಒತ್ತತೀನಿ."

ಅಂಬ್ರಪ್ಪ ನಕ್ಕ. ಅವಳು ನಗಲಿಲ್ಲ. ಕಡೆಗೆ ಅವನೇ ಒಂದು ಮಾತು ಹಾಕಿದ: ಪಂದ್ಯದಲ್ಲಿ ಒಬ್ಬನನ್ನಾದರೂ ಕೆಡವಿದರೆ ವೆಂಕಪ್ಪನ ಹೆಸರು ತಂಡದಲ್ಲಿ ಉಳಿಯುತ್ತದೆ. ಇಲ್ಲದಿದ್ದರೆ ಮುಂದಿನ ಪಂದ್ಯಕ್ಕೆ ಶಿರವಾಳದವನು ಬರುತ್ತಾನೆ.

ಕಲಿಸುವುದು ಹಣಮಂತ್ರಾಯನ ಪಾಲಿಗೆ ಬಂತು. ಆಟದಲ್ಲಿ ಎಡಕ್ಕೆ ಬಾಗು ಅಂದರೆ ಸಾಯಬಮ್ಮ ತಾನೇ ಎಡಕ್ಕೆ ಬಾಗಿ ಗೋಡೆಗೆ ತಲೆ ಬಡಿಸಿಕೊಂಡಳು. ಕೈಬಾಂಬು ಬಿದ್ದಾಗ ಫೋನು ಒಗೆದು ಅಂಗಳಕ್ಕೆ ಓಡಿದಳು. ಬಂದೂಕು ಭಾರ ಅಂತ ಬಿಟ್ಟು, ಎಲ್ಲೋ ಸಿಕ್ಕ ರೊಟ್ಟಿ ಹಂಚು ಹಿಡಿದುಕೊಂಡು ತಿರುಗಿದಳು. ಹಿಂದೆ ಯಾರಾದರೂ ಬಂದರೆ ಕಾಣುವುದಿಲ್ಲ, ನೀನೇ ತಿರುಗಿ ನೋಡಬೇಕು ಎಂದು ಹೇಳಿದ್ದಕ್ಕೆ ಸುತ್ತುತ್ತಲೇ ನಿಂತು ವಾಂತಿ ಬರಿಸಿಕೊಂಡಳು. ಯಾವ ಮನೆಗೆ ಹೋದರೂ ಹೊಸ್ತಿಲಲ್ಲೇ ನಿಲ್ಲುವಳು.

"ಚಪ್ಪಲಿ ಬಿಡೂ ಬಟನ್ ಯಾವ್ದೋ?"

"ಅಂಥಾದ್ದಿಲ್ಲ ವೈನಿ, ಒಳಗ ನಡಿ!"

"ಯಾರ್ರೀ ಮನ್ಯಾಗ?" ಎಂದು ಅವಳು ಗಟ್ಟಿಯಾಗಿ ಕೂಗುವಳು. ಮನೆಯೊಳಗೆ ಅಡಗಿದ್ದವರು ಗುಂಡಿನಿಂದಲೇ ಉತ್ತರ ಕೊಡುವರು.

ಇದನ್ನೆಲ್ಲ ತಾಳಿಕೊಳ್ಳಬಹುದಿತ್ತು. ಎಡೆಯದೇ ದೊಡ್ಡ ತಲೆನೋವು.

ಆಟದಲ್ಲಿ ಸತ್ತವನು ಬಿದ್ದ ಜಾಗದಲ್ಲಿ ಒಂದು ಪೆಟ್ಟಿಗೆ ಉಳಿಯುತ್ತದೆ. ಅದರಲ್ಲಿ ಅವನ ಬಂದೂಕು, ಗುಂಡು, ಔಷಧ. ಉಳಿದವರು ಅದನ್ನು ಬಾಚಿಕೊಳ್ಳಬೇಕು. ರಾಜಾಸಾಬ ಒಬ್ಬನನ್ನು ಹೊಡೆದು, "ಗುಂಡು ತಗೋ ಯಕ್ಕಾ" ಅಂದ. ಸಾಯಬಮ್ಮ ತಗೊಳ್ಳಲಿಲ್ಲ. ತನ್ನ ಚೀಲದಲ್ಲಿದ್ದ ಶಕ್ತಿ ಬರುವ ಶರಬತ್ತಿನ ಬಾಟಲಿ ತೆಗೆದು ಪೆಟ್ಟಿಗೆಯ ಮುಂದೆ ಇಟ್ಟಳು.

"ಏನ್ ಮಾಡಾಕತ್ತೀ?"

"ಎಡಿ ಇಟ್ಟೀನಿ. ಸತ್ತವ್ನ ಸಾಮಾನಿಗೆ ಹಂಗಽ ಕೈ ಹಾಕ್ತಾರೇನು?"

"ಅವ ಸತ್ತಿಲ್ಲ ಯಕ್ಕಾ! ಯಾವ್ದೋ ಊರಾಗ ಚಾ ಕುಡಕೋತ ಕುಂತಿರ್ತಾನ!"

"ಕುಂದರ್ಲಿ. ಇಲ್ಲಿ ಸತ್ತಾನಲ್ಲ."

ಅಷ್ಟಕ್ಕೇ ಬಿಡಲಿಲ್ಲ. ಎಡೆ ಇಟ್ಟ ಮೇಲೆ ಕಾಗೆ ಮುಟ್ಟುವ ತನಕ ಕಾಯಬೇಕು. ಅವಳು ಗೋಡೆಯ ಮರೆಗೆ ಸರಿದು ಕಾದಳು. ಆ ಆಟದಲ್ಲಿ ಕಾಗೆಯೇ ಇಲ್ಲ. ಆಟಗಾರರನ್ನು ಒಳಕ್ಕೆ ಒತ್ತುವ ನೀಲಿ ಗೆರೆ ಬಂತು. ಅದರ ಹೊರಗೆ ಉಳಿದು ಸುಟ್ಟು ಸತ್ತಳು. ಮರುದಿನವೂ ಹಾಗೇ. ಅಂಬ್ರಪ್ಪ ಶಿರವಾಳಕ್ಕೆ ಫೋನು ಹಚ್ಚಿ, "ಬ್ಯಾಗ್ ತುಂಬಿಟ್ಕೋ" ಅಂದ.

ಪಂದ್ಯದ ದಿನ ಅಂಗಡಿಯ ಮಾಳಿಗೆ ಮೇಲೆ ಶಾಮಿಯಾನ ಹಾಕಿದ್ದರು. ಗೋಡೆಗೆ ದೊಡ್ಡ ಟೀವಿ. ಯಾರು ಯಾರನ್ನು ಕೆಡವಿದರು ಅಂತ ಅದರಲ್ಲಿ ಬೀಳುತ್ತಿತ್ತು. ಎದುರು ಸಾಲಿನಲ್ಲಿ ಸೈದಾಪುರದ ಕಡೆಯ ಕಾರ್ಖಾನೆ ಕೆಲಸಗಾರರು. ಅವರ ನಡುವೆ ಲಾಡ್ಲೇಸಾಬ ಎಂಬ ದಪ್ಪ ಮನುಷ್ಯ, ಕತ್ತಿನ ಸುತ್ತ ಟವೆಲ್.

ಆಟ ಶುರುವಾಯಿತು. ರಾಜಾಸಾಬ ಒಂದು ಮುರುಕು ಮನೆಯ ಮುಂದೆ ಒಬ್ಬನನ್ನು ಕೆಡವಿದ. ಸಾಯಬಮ್ಮ ಓಡಿಹೋಗಿ ಶರಬತ್ತು ಇಟ್ಟಳು. ಗೋಡೆಯ ಹಿಂದೆ ಕೂತಳು.

"ಇವತ್ತಾದ್ರೂ ಬಿಡವ್ವಾ!" ಎಂದು ಅಂಬ್ರಪ್ಪ ಹಲ್ಲು ಕಡಿದ. ಮುಂದಕ್ಕೆ ನುಗ್ಗಿದ, ಸತ್ತ. ರಾಜಾಸಾಬ ಸತ್ತ. ಹಣಮಂತ್ರಾಯನೂ ಸತ್ತ. ಮೂವರೂ ಫೋನು ಕೆಳಗಿಟ್ಟು ಸಾಯಬಮ್ಮನ ಬೆನ್ನ ಹಿಂದೆ ಬಂದು ಬಗ್ಗಿದರು.

ಯಾರೋ ಬರುವ ಹೆಜ್ಜೆಯ ಸಪ್ಪಳ ಕೇಳಿತು. ಬಂದವನು ಪೆಟ್ಟಿಗೆ ನೋಡಿದ. ಬಾಟಲಿ ಎತ್ತಿಕೊಂಡು ಅಲ್ಲೇ ನಿಂತು ಕುಡಿಯತೊಡಗಿದ.

"ಹೊಡಿ ವೈನಿ! ಹೊಡಿ!"

"ಕುಡಿಯಾಕತ್ತಾನ."

"ಕಾಲಿಗೆ ಬೀಳ್ತೀನಿ, ಹೊಡಿಯವ್ವಾ!" ಅಂದ ಅಂಬ್ರಪ್ಪ.

"ಎಡಿ ಮುಂದ ನಿಂತವ್ನಿಗೆ ಹೊಡಿತಾರೇನ್ರಿ? ಮುಗಸಲಿ." ಮತ್ತೆ ಮೆಲ್ಲಗೆ ಪರದೆಗೆ ಹೇಳಿದಳು, "ಸಾವಕಾಶ ಕುಡೀಪಾ, ನೆತ್ತಿಗೆ ಹತ್ತೀತು."

ಎದುರು ಸಾಲಿನಲ್ಲಿ ಲಾಡ್ಲೇಸಾಬ ತಲೆಯೆತ್ತಿ ಸುತ್ತ ನೋಡಿದ.

ಬಾಟಲಿ ಖಾಲಿಯಾಯಿತು. ಸಾಯಬಮ್ಮ ಕಣ್ಣು ಮುಚ್ಚಿ ಬಟನ್ ಒತ್ತಿದಳು. ಬಿಡಲೇ ಇಲ್ಲ. ಅರ್ಧ ಗುಂಡು ಗೋಡೆಗೆ ಹೋದವು, ಒಂದಿಷ್ಟು ಆಕಾಶಕ್ಕೆ. ಉಳಿದವು ಸಾಕಾದವು.

ಟೀವಿಯಲ್ಲಿ ಅಕ್ಷರ ಬಿದ್ದವು. ವೆಂಕಪ್ಪನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಆಟದಲ್ಲಿ ಕನ್ನಡದಲ್ಲೇ ಹೆಸರು ಬರೆದಿದ್ದ. ಸಾಯಬಮ್ಮ ಫೋನು ಮಡಿಲಲ್ಲಿಟ್ಟು, ಬಾಯಲ್ಲೇ ಕೂಡಿಸಿಕೊಂಡು ಓದಿದಳು. ಬೋ. ನಾ. ಳ. ವೆಂ.

"ವೈನಿ, ಹಿಂದ ಬಂದ್ರು! ವೈನಿ, ಸತ್ತಿ!"

"ಸಾಯಲಿ. ತಡಿ, ಓದಾಕತ್ತೀನಿ."

'ಪ್ಪ' ಮುಟ್ಟುವುದರೊಳಗೆ ಅದು ಅಳಿಸಿಹೋಯಿತು. ಅವಳು ಬರೀ ಗಾಜನ್ನೇ ನೋಡುತ್ತ ಕೂತಳು. ಕಣ್ಣು ಒರೆಸಿಕೊಳ್ಳಲಿಲ್ಲ.

ಲಾಡ್ಲೇಸಾಬ ಟವೆಲ್ ಕೊಡವುತ್ತ ಬಂದ. "ಬೋನಾಳ ವೆಂಕಪ್ಪ ಅಂದ್ರ ಯಾರ್ರಿ? ನನಗ ಪೂರಾ ಕುಡಿಸಿ ಆಮ್ಯಾಲ ಹೊಡದ್ರಲ್ಲ!"

ಸಾಯಬಮ್ಮ ಅಂಬ್ರಪ್ಪನ ಮುಖ ನೋಡಿದಳು.

ಅಂಬ್ರಪ್ಪ ಲಾಡ್ಲೇಸಾಬನ ಕಡೆ ತಿರುಗಿದ.

"ನಮ್ಮ ತಂಡದವ. ಮುಂದಿನ ಪಂದ್ಯಕ್ಕೂ ಬರ್ತಾನ. ನೀ ಮನ್ಯಾಗ ಉಂಡು ಬಾ."

ಸಾಯಬಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಇವ್ರಿಗೊಂದು ಚಾ ಹೇಳ್ರಿ" ಅಂದಳು.