ಮುಕ್ಕಾಲು ಗಂಟೆಯ ಇತಿಹಾಸ

ಮುಕ್ಕಾಲು ಗಂಟೆಯಲ್ಲಿ ಒಂದು ರಾಜ್ಯ ಕಟ್ಟಿ, ಮೆರೆಸಿ, ಹಾಳುಗೆಡಹುವುದು ನನ್ನ ಉದ್ಯೋಗ. ಹಳೇಬೀಡಿನಲ್ಲಿ ಗೈಡು ಕಣ್ರೀ ನಾನು. ಬೇಲೂರಿನ ಬಸ್ಸಿಗೆ ಅವಸರ ಮಾಡುವವರು ಸಿಕ್ಕರೆ ಇಪ್ಪತ್ತೇ ನಿಮಿಷ. ಆಗ ದಂಡು ಯಾರದು, ಯಾಕೆ ಬಂತು, ಆಮೇಲೇನಾಯಿತು ಎಲ್ಲಕ್ಕೂ ಕತ್ತರಿ. ಉಳಿಯುವುದು ಇಷ್ಟೇ: "ತುರುಕರು ಬಂದರು, ಒಡೆದರು." ಜನ ಹಲ್ಲು ಕಡಿಯುತ್ತಾರೆ. ನನಗೂ ಹುರುಪೇರಿ ದನಿ ಏರುತ್ತದೆ. ನಾಟಕದ ಕಂಪನಿ ಸೇರಬೇಕಾಗಿದ್ದವನು, ದಾರಿ ತಪ್ಪಿ ದೇವಸ್ಥಾನಕ್ಕೆ ಬಂದೆ.

ಕಥೆ ಮುಗಿದ ಮೇಲೆ ಬಂದವರನ್ನು ಬಾಷಾನ ಆಟೋ ಹತ್ತಿಸುವುದು ನಮ್ಮಿಬ್ಬರ ಪದ್ಧತಿ. ಬಸ್ತಿಹಳ್ಳಿಯ ಬಸದಿ, ಹುಲಿಕೆರೆಯ ಕೊಳ ತೋರಿಸಿ ತರುತ್ತಾನೆ. ಸ್ಕೂಲಲ್ಲಿ ನಾವು ಒಂದೇ ಬೆಂಚು.

ಮೊಬೈಲು ಇನ್ನೂ ನಮ್ಮೂರಿಗೆ ಬಾರದ ಕಾಲ. ಒಂದು ದಿನ ಅರಸೀಕೆರೆ ಕಡೆಯ ಕುಟುಂಬವೊಂದಕ್ಕೆ ಕಥೆ ಹೇಳಿ ಆಟೋ ಹತ್ತಿರ ಕರೆತಂದೆ. ಹಿರಿಯಾಕೆ ಒಂದು ಕಾಲಿಟ್ಟವರು, "ನಿನ್ನ ಹೆಸರೇನಪ್ಪ?" ಅಂದರು. ಅವನು ಹೇಳಿದ. ಕಾಲು ಕೆಳಗಿಳಿಯಿತು.

"ಬ್ಯಾಡ, ನಡ್ಕಂಡೇ ಹೋಗಣ. ಈಗ ತಾನೆ ಕೇಳಿದ್ರಲ್ಲ, ಇವರನ್ನ ನಂಬದಾ?"

ಅವರು ದೂರ ಸರಿದ ಮೇಲೆ ಬಾಷಾ ನನ್ನ ಕಡೆ ತಿರುಗಿದ. ಮುಖ ಕಪ್ಪಿಟ್ಟಿತ್ತು. "ಈ ವಾರದಾಗೆ ಇದು ಮೂರನೇ ಸಲ ಕಣ್ಲಾ. ನಾನೇನ್ಲಾ ಒಡೆದಿದ್ದೆ? ನಾಳೆಯಿಂದ ಹಗರೆ ಕಡೆ ಓಡಿಸ್ಕತೀನಿ. ನಿನ್ನ ಸವಾಸ ಸಾಕು."

ಅಯ್ಯೋ, ಅವನು ಹೋಗಿಬಿಟ್ಟರೆ! ಓಡಿಹೋಗಿ ಆ ಕುಟುಂಬವನ್ನು ತಡೆದೆ. "ಒಂದು ಹೇಳೋದು ಬಿಟ್ಟೋಯ್ತು, ಬನ್ನಿ" ಅಂತ ಮತ್ತೆ ಒಳಗೆ ಕರೆದೊಯ್ದು, ಸೊಂಡಿಲು ಮುರಿದ ಪುಟ್ಟ ಆನೆಯೊಂದನ್ನು ತೋರಿಸಿದೆ. ಬಾಷಾನೂ ಅನುಮಾನದಿಂದ ಹಿಂದೆಯೇ ಬಂದ.

"ಇದನ್ನ ಯಾವ ದಂಡೂ ಮುರೀಲಿಲ್ಲಮ್ಮ. ಮೂರನೇ ಕ್ಲಾಸಲ್ಲಿ ಓತಿಕ್ಯಾತಕ್ಕೆ ಕಲ್ಲು ಬೀಸಿ ನಾನೇ ಮುರಿದದ್ದು."

ಹೆಂಡತಿಗೂ ಹೇಳಿರದ ಮಾತು. ಗೈಡಾದಂದಿನಿಂದ ಈ ಆನೆಯನ್ನೂ ದಂಡಿನವರ ತಲೆಗೇ ಕಟ್ಟಿ ಹಾಯಾಗಿದ್ದೆ.

ಹಿರಿಯಾಕೆ ಆನೆಯನ್ನು ನೋಡಿದರು, ನನ್ನನ್ನು ನೋಡಿದರು. ಬೈದರೆ ಬೈಯಲಿ ಅಂತ ನಿಂತೆ.

"ನಿಮ್ಮದು ಯಾವ ಜನ?" ಅಂದರು.

ಹೇಳಿದೆ. ಅವರದೂ ಅದೇ ಜನ.

"ಓ, ನಮ್ಮೋರೇ! ಏನೋ ಹುಡುಗಾಟದಾಗೆ ಆಗೈತೆ ಬಿಡಿ" ಅಂತ ಮೊಮ್ಮಕ್ಕಳ ಕೈ ಹಿಡಿದು ನಡೆದೇಬಿಟ್ಟರು.

ನಾವಿಬ್ಬರೂ ಆನೆಯ ಮುಂದೆ ಉಳಿದೆವು. ಬಾಷಾ ಹಗರೆಯ ಮಾತು ಎತ್ತಲಿಲ್ಲ.

"ಅವತ್ತು ನಾನೂ ಕಲ್ಲು ಬೀಸಿದ್ನಲ್ಲ, ಅದನ್ಯಾಕ್ಲಾ ಹೇಳಲಿಲ್ಲ?"

"ನಿಂದು ಗುರಿ ತಪ್ಪಿತ್ತಲ್ಲೋ."

"ತಪ್ಪಿದ್ದೇ ವಾಸಿ ಆಯ್ತು ಬಿಡು," ಅಂದ, ಸೊಂಡಿಲು ಮುರಿದ ಜಾಗದ ಮೇಲೆ ಬೆರಳಾಡಿಸುತ್ತ. "ತಗಲಿದ್ರೆ ಅದು ಹುಡುಗಾಟ ಆಗ್ತಿರಲಿಲ್ಲ."